ಲೈನಸ್ ಕೊನೆಗೂ ತೆಗೆದುಕೊಂಡ ರೆಸ್ಟ್

ಗೆಳೆಯರೇ, ಇವತ್ತು ಬೆಳಿಗ್ಗೆ ಮಣ್ಣಗುಡ್ಡದ ನಮ್ಮ ಅಂಗಳದಲ್ಲಿ ಎಂಬತ್ತು ದಾಟಿದ ಇಬ್ಬರು ಒಂದು ಕಲ್ಲಿಗಾಗಿ ಜಗಳವಾಡಿದೆವು. ಒಬ್ಬ ನಾನು, ಇನ್ನೊಬ್ಬ ಹಳೆಯ ಗೆಳೆಯ ಲೈನಸ್. ಮರದಲ್ಲಿ ಈ ವರ್ಷದ ಕೊನೆಯ ಮಾವಿನಹಣ್ಣು ಉಳಿದಿತ್ತು. ಲೈನಸ್ ಕಲ್ಲು ಬೀಸಿ ಬೀಸಿ ಭುಜ ಹಿಡಿದುಕೊಂಡ.

"ಕೊಡು ಇಲ್ಲಿ, ನಾನು ಬಿಸಾಡ್ತೇನೆ" ಎಂದೆ.

"ಆಗ ನಿನಗೆ ಚೆಂಡು ಕೊಟ್ಟು ಕೆಟ್ಟೆ ಮಾರಾಯ. ಈಗ ಕಲ್ಲು ಕೊಡುವುದಿಲ್ಲ!"

ಅದು ಅರವತ್ತರ ದಶಕದ ಸಿಟ್ಟು. ಅಮೆರಿಕದ ಪಾದ್ರಿಯೊಬ್ಬರು ನಮಗೆ ಬೇಸ್‌ಬಾಲ್ ಕಲಿಸಿದ್ದರು. ಚೆಂಡೆಸೆಯುವ ಪಿಚರ್ ಲೈನಸ್. ಅವನು ದಣಿದರೆ ಎಸೆಯಲು ಬದಲಿ ಪಿಚರ್ ನಾನು. ಮಳೆಗಾಲಕ್ಕೆ ಮುಂಚಿನ ಕೊನೆಯ ಪಂದ್ಯದಲ್ಲಿ ಅವನ ಕೈ ಸೋತಿತು. "ಸ್ವಲ್ಪ ರೆಸ್ಟ್ ತಕ್ಕೊ, ಮತ್ತೆ ಬಾ" ಎಂದು ಚೆಂಡು ತೆಗೆದುಕೊಂಡೆ. ನಮ್ಮ ತಲೆಯಲ್ಲಿದ್ದದ್ದು ಕ್ರಿಕೆಟ್; ಅಲ್ಲಿ ದಣಿದ ಬೌಲರ್ ಸುಧಾರಿಸಿಕೊಂಡು ಮತ್ತೆ ಚೆಂಡು ಹಿಡಿಯಬಹುದು. ಲೈನಸ್ ಶರಬತ್ತು ಕುಡಿದು, ತೋಳು ಮಡಚಿಕೊಂಡು ವಾಪಸು ಬಂದರೆ ಪಾದ್ರಿ ತಡೆದರು. ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲವಂತೆ! ನನ್ನ ಎಸೆತಕ್ಕೆ ಪಂದ್ಯ ಸೋತೆವು. ಲೈನಸ್ ಆ ರೂಲನ್ನು ಇಂದಿಗೂ ಬೈಯುತ್ತಾನೆ.

ಇವತ್ತು ಅವನು ಕಲ್ಲು ಬಿಡಲೇ ಇಲ್ಲ. ಬೀಸಿದ. ಹಣ್ಣು ಅಲ್ಲಾಡಲಿಲ್ಲ, ಪಕ್ಕದ ಮನೆಯ ಹೆಂಚು ಒಡೆಯಿತು.

"ಎಂತ ಇದು? ಯಾರು ಕಲ್ಲು ಬಿಸಾಡಿದ್ದು?" ಪಕ್ಕದ ಮನೆಯ ಗುಲಾಬಿ ಅಕ್ಕ ಹೊರಗೆ ಬಂದರು.

ಲೈನಸ್ ಇನ್ನೊಂದು ಕಲ್ಲನ್ನು ನನ್ನ ಅಂಗೈಯಲ್ಲಿಟ್ಟು ಮೆಲ್ಲ ಕುರ್ಚಿಯಲ್ಲಿ ಕುಳಿತ.

"ನನಗೆ ರೆಸ್ಟ್. ಇನ್ನು ನಾನು ಬರುವ ಹಾಗಿಲ್ಲ ಮಾರಾಯ, ರೂಲ್ ಉಂಟಲ್ಲ!"