‘ಬೇಡ’ ಅಂದವರ ಹೆಸರು ಬರೆಯುವ ಅಕ್ಕ

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ಸಭಾಕೊಠಡಿಯಲ್ಲಿ ಒಬ್ಬರೇ ಕುರ್ಚಿ ಜೋಡಿಸುತ್ತಿದ್ದಾರೆ. ಹದಿನಾಲ್ಕು ಕುರ್ಚಿ, ಹದಿನಾಲ್ಕು ಲೋಟ ನೀರು, ಮೂಲೆಯಲ್ಲಿ ತಮಗೊಂದು ಸ್ಟೂಲು. ಅದರ ಮೇಲೆ ಕೆಂಪು ರಟ್ಟಿನ ದಪ್ಪ ಪುಸ್ತಕ. ಸಭೆಯಲ್ಲಿ ಯಾರು ಏನಂದರು, ಏನು ತೀರ್ಮಾನವಾಯಿತು ಎಂದು ಬರೆದಿಡುವುದು ಇಪ್ಪತ್ತೆರಡು ವರ್ಷದಿಂದ ಇವರ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ‘ನಡಾವಳಿ ಅಕ್ಕ’. ಈವರೆಗೆ ತುಂಬಿಸಿದ್ದು ನಲವತ್ತೊಂದು ಪುಸ್ತಕ.

ಬರೆದದ್ದನ್ನು ಗಟ್ಟಿಯಾಗಿ ಓದಿ ಮುಗಿಸುವವರೆಗೆ ಇಲ್ಲಿ ಯಾರಿಗೂ ಟೀ ಇಲ್ಲ. ದೊಡ್ಡ ಡಾಕ್ಟರಿಗೂ ಇಲ್ಲ, ಇವರ ಬಗ್ಗೆ ಬರೆಯಲು ಬಂದ ನನಗೂ ಇಲ್ಲ. “ಟೀ ಕುಡಿದ್ಮೇಲೆ ಯಾರ ಕಿವೀನೂ ಕೇಳ್ಸಲ್ಲ ನೋಡಿ,” ಎಂದು ನಗುತ್ತಾರೆ.

ಈ ಹಟಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬಟ್ಟೆ ಒಗೆಯುವ ವಿಭಾಗದ ಹಿರಿಯರೊಬ್ಬರು ಸಭೆಯಲ್ಲಿ, “ಬಾಯ್ಲರ್ ಸದ್ದು ಮಾಡ್ತಿದೆ, ಈಗ್ಲೇ ಎರಡು ಪಾಳಿ ಬೇಡ,” ಎಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನೂ ರೂಢಿಯಂತೆ ‘ಸರ್ವಾನುಮತದಿಂದ’ ಎಂದು ಬರೆದರು. ತಿಂಗಳೊಳಗೆ ಬಿಸಿ ಹಬೆ ನುಗ್ಗಿ ಆ ಹಿರಿಯರ ಬಲಗೈ ಬೆಂದಿತು. ವಿಚಾರಣೆಯಲ್ಲಿ ಪುಸ್ತಕ ತೆರೆದರೆ, ಎರಡು ಪಾಳಿಗೆ ಅವರೂ ಒಪ್ಪಿದ್ದರೆಂದೇ ಇತ್ತು. ತಪ್ಪು ಅವರ ತಲೆಗೇ ಬಂತು.

“ಅವ್ರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಬರೀಲಿಲ್ಲ. ಕ್ಷಮೆ ಕೇಳೋಕೆ ಮನೆಗೆ ಹೋದ್ರೆ, ಎಡಗೈಲೇ ನೀರು ತಂದ್ಕೊಟ್ಟು, ‘ಇನ್ಮೇಲೆ ಬರಿ ತಾಯಿ’ ಅಂದ್ರು.” ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ.

ಅಂದಿನಿಂದ ಪ್ರತಿ ಸಭೆಯ ಕೊನೆಗೆ ‘ಬೇಡ ಅಂದವರು’ ಎಂಬ ಸಾಲು ತಪ್ಪಿಲ್ಲ. ಆದರೆ ಮುಂದಿನ ತಿಂಗಳಿಂದ ಪುಸ್ತಕ ಬಂದ್, ಎಲ್ಲವೂ ಆನ್‌ಲೈನ್. ಕಂಪ್ಯೂಟರಿನ ಹೊಸ ಪುಟದಲ್ಲಿ ‘ಸರ್ವಾನುಮತದಿಂದ’ ಎಂಬುದು ಮೊದಲೇ ಬಂದು ಕೂತಿದೆ. ಬೇಡ ಅಂದವರಿಗೆ ಜಾಗವೇ ಇಲ್ಲ.

ಇವತ್ತಿನ ಸಭೆಯಲ್ಲಿ ಆಡಳಿತಾಧಿಕಾರಿ ಆ ಹೊಸ ಪುಟ ತೋರಿಸಿ, “ಎಲ್ರಿಗೂ ಒಪ್ಪಿಗೆ ತಾನೇ?” ಎನ್ನುತ್ತಾರೆ.

“ನಂಗೆ ಒಪ್ಪಿಗೆ ಇಲ್ಲ ಸರ್. ಅದ್ರಲ್ಲಿ ಇನ್ನೊಂದು ಖಾನೆ ಬೇಕು,” ಎಂದು ಮೂಲೆಯ ಸ್ಟೂಲಿನಿಂದ ದನಿ ಬರುತ್ತದೆ.

“ನೀವು ಬರೆಯೋರು ಅಕ್ಕ, ಸದಸ್ಯರಲ್ಲ.”

“ಹೌದು ಸರ್. ನೀವಂದಿದ್ದನ್ನೂ ಬರ್ಕೊಂಡಿದೀನಿ.”

ಸಭೆ ಗೊಳ್ಳೆಂದು ನಗುತ್ತದೆ. ಅಕ್ಕ ಎದ್ದು ನಿಂತು ಓದುತ್ತಾರೆ: “ಬೇಡ ಅಂದವರು, ನಡಾವಳಿ ಬರೆಯುವವರು.” ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಬಗ್ಗೆ ಅವರು ಬರೆದುಕೊಂಡ ಮೊದಲ ಸಾಲಿದು. ಅಂದು ಕೈ ಬೆಂದ ಹಿರಿಯರ ಮಗಳು ಈಗ ಅದೇ ವಿಭಾಗದ ಸದಸ್ಯೆ. “ನನ್ನನ್ನೂ ಸೇರ್ಸಿ ಅಕ್ಕ,” ಎನ್ನುತ್ತಾಳೆ. ಹಿಂದೆಯೇ ಹಿರಿಯ ನರ್ಸ್, ಆಮೇಲೆ ಅಡುಗೆಯವರು.

ಬಾಗಿಲ ಬಳಿ ಟೀ ಆರುತ್ತಿದೆ. ಖಾನೆ ಸಿಗಬಹುದೇ ಎಂದು ಪಿಸುದನಿಯಲ್ಲಿ ಕೇಳುತ್ತೇನೆ.

“ಗೊತ್ತಿಲ್ಲಪ್ಪ. ನನ್ನ ಪುಸ್ತಕದ ಕೊನೇ ಪುಟದಲ್ಲಿ ಮಾತ್ರ ಸುಳ್ಳು ಇರ್ಬಾರ್ದು, ಅಷ್ಟೆ,” ಎನ್ನುತ್ತ ಅಕ್ಕ ಮುಂದಿನ ಹೆಸರು ಬರೆದುಕೊಳ್ಳುತ್ತಾರೆ.