ಗಾಜಿನಂಚಿನ ರಬ್ಬರ್

ನಮ್ಮ ಮನೆಯಲ್ಲಿ ರಾತ್ರಿಯೂಟವಿರಲಿಲ್ಲ. ಮೂಡುಬಿದಿರೆಯ ಆ ಬೀದಿಯ ಇತರ ಜೈನರ ಮನೆಗಳಂತೆ ನಮ್ಮಲ್ಲೂ ಸೂರ್ಯ ಮುಳುಗುವ ಮೊದಲೇ ಉಂಡು ಪಾತ್ರೆ ತೊಳೆದು ಬೋರಲು ಹಾಕುವುದು ರೂಢಿ. ಮಳೆಗಾಲದಲ್ಲಿ ಸೂರ್ಯ ಕಾಣುವುದಿಲ್ಲ. ಆಗ ಅಮ್ಮ ಜಗಲಿಯ ತುದಿಗೆ ಬಂದು ಅಂಗೈ ನೋಡಿಕೊಳ್ಳುತ್ತಿದ್ದಳು. ಗೆರೆ ಕಾಣದಿದ್ದರೆ ಹೊತ್ತು ಮುಗಿಯಿತು. ಮತ್ತೆ ಬೆಳಗಿನವರೆಗೆ ಅನ್ನವಿಲ್ಲ.

ಅಪ್ಪ ತೀರಿಕೊಂಡ ಮೇಲೆ ಉಳಿದವರು ತಾಯಿ ಮಗಳು ನಾವಿಬ್ಬರು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದ ನನಗೆ ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಅರವತ್ತರ ದಶಕದ ಆ ವರ್ಷಗಳಲ್ಲಿ ಸಂಜೆಯ ಬಸ್ಸು ದಾರಿಯಲ್ಲಿ ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆಂದು ಅದರ ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ. ನಾನು ಕತ್ತಲಾದ ಮೇಲೆ ಮನೆ ಸೇರಿದ ದಿನ ಅಮ್ಮನೂ ಉಪವಾಸವಿರುತ್ತಿದ್ದಳು.

"ನೀನು ಉಣ್ಣಬಹುದಿತ್ತಲ್ಲಮ್ಮ."

"ಹಸಿವಿರಲಿಲ್ಲ."

ಪ್ರತಿಸಲವೂ ಅದೇ ಉತ್ತರ. ಅವಳ ರವಕೆಯ ತೋಳುಗಳು ಸಡಿಲವಾಗುತ್ತ ಬಂದವು. ಬೆಳ್ತಂಗಡಿಯಲ್ಲಿ ನಾನೊಂದು ಕೋಣೆ ಹಿಡಿದರೆ ವಾರವಿಡೀ ಅವಳು ಒಬ್ಬಳೇ. ಆಗ ಎಷ್ಟು ಉಣ್ಣುವಳೋ ನೋಡುವವರೂ ಇರುವುದಿಲ್ಲ. ಹಾಗಾಗಿ ಗಾಡಿಕೊಟ್ಟಿಗೆಯಲ್ಲಿ ನಿಂತೇ ಇದ್ದ ಅಪ್ಪನ ಕಾರನ್ನು ಹೊರಗೆ ತೆಗೆದೆ. ತಮ್ಮ ದೇಶಕ್ಕೆ ಮರಳುತ್ತಿದ್ದ ಒಬ್ಬ ಬಿಳಿಯ ಡಾಕ್ಟರರಿಂದ ಅಪ್ಪ ಅದನ್ನು ಕೊಂಡಿದ್ದರು. ರಜೆಯಲ್ಲಿ ನನಗೆ ಓಡಿಸಲು ಕಲಿಸಿದವರೂ ಅವರೇ. ಬೇಸಗೆಯಿಡೀ ಬೆಳಕಿರುವಾಗಲೇ ಮನೆ ಸೇರಿದೆ. ಇಬ್ಬರೂ ಎದುರುಬದುರು ಕೂತು ಹೆಚ್ಚು ಮಾತಿಲ್ಲದೆ ಉಂಡೆವು. ಅಮ್ಮ ಸ್ವಲ್ಪ ಸುಧಾರಿಸಿದಳು.

ಮಳೆ ಶುರುವಾದ ಮೇಲೆ ತಿಳಿಯಿತು, ಕಾರಿನ ಬಾಗಿಲುಗಳಲ್ಲಿ ಗಾಜಿನ ಸುತ್ತಲಿನ ರಬ್ಬರ್ ಸತ್ತುಹೋಗಿದೆ ಎಂದು. ಗಾಜು ಪೂರ್ತಿ ಏರಿಸಿದರೂ ನೀರು ಒಳಗಿಳಿಯುತ್ತಿತ್ತು. ಮಡಿಲು ಒದ್ದೆ, ಮಕ್ಕಳ ಉತ್ತರಪತ್ರಿಕೆ ಒದ್ದೆ. ಅದನ್ನು ಸಹಿಸಬಹುದಿತ್ತು. ಆದರೆ ಒಂದು ಸಂಜೆ ಸ್ಟೇರಿಂಗಿನ ಎದುರಿನ ಹಲಗೆಯಲ್ಲಿದ್ದ ಕೀಲಿಕೈಯ ಸ್ವಿಚ್ಚಿಗೆ ನೀರು ಹೋಗಿ ಕಾರು ವೇಣೂರಿನ ಆಚೆ ನಿಂತೇಬಿಟ್ಟಿತು. ನಾನು ಮನೆ ಸೇರುವಾಗ ಅಮ್ಮ ಕತ್ತಲೆಯ ಜಗಲಿಯಲ್ಲಿ ಕೂತಿದ್ದಳು. ಹಸಿವಿರಲಿಲ್ಲ ಎಂದಳು.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂಟ್ವಾಳಕ್ಕೆ ಹೋದೆ. ಪೇಟೆಯಲ್ಲಿ, ಹೊಳೆಯ ಕಡೆಗೆ ಇಳಿಯುವ ದಾರಿಯ ಬದಿಗೆ, ಅಪ್ಪನ ಕಾಲದಿಂದಲೂ ಈ ಕಾರನ್ನು ಬಲ್ಲ ಬ್ಯಾರಿ ಮೇಸ್ತ್ರಿಯೊಬ್ಬರ ಗ್ಯಾರೇಜು ಇತ್ತು. ಅವರು ಬಾಗಿಲಿನಂಚಿನಿಂದ ಒಂದು ಚೂರು ಕಿತ್ತು ಬೆರಳಲ್ಲೇ ಪುಡಿ ಮಾಡಿದರು.

"ಟೀಚರಮ್ಮ, ಇದು ರಬ್ಬರ್ ಅಲ್ಲ, ಹಪ್ಪಳ. ಕಾಯಿಸಿದರೆ ತಿನ್ನಬಹುದು."

ಪಕ್ಕದ ಚಾದಂಗಡಿಯ ಬೆಂಚಿನಿಂದ ಒಬ್ಬರು ಗಟ್ಟಿಯಾಗಿ ಹೇಳಿದರು: "ಹೆಂಗಸರು ಕಾರು ಬಿಟ್ಟರೆ ಮಳೆಯೂ ಒಳಗೆ ಬಂದು ಕೂತುಕೊಳ್ತದೆ!"

"ಮೊದಲು ನಿನ್ನ ಕೊಡೆಯಲ್ಲಿ ಎಷ್ಟು ತೂತು ಉಂಟು ನೋಡು ಮಾರಾಯ," ಎಂದರು ಮೇಸ್ತ್ರಿ, ತಲೆಯೆತ್ತದೆ.

ಆ ಕಾರಿನದೇ ರಬ್ಬರ್ ಎಲ್ಲಿಯೂ ಸಿಗುವಂತಿರಲಿಲ್ಲ. ಇನ್ನೊಂದು ಗಾಡಿಗೆಂದು ತರಿಸಿದ್ದ ಉದ್ದನೆಯ ಪಟ್ಟಿಯನ್ನು ಅಳತೆಗೆ ಕತ್ತರಿಸಿದರು. ಹಳೆಯ ಅಂಟನ್ನು ಕೆರೆದು, ಗಾಜು ಏರಿಳಿಯುವ ಸಂದನ್ನು ಚೊಕ್ಕ ಮಾಡಿ, ಸಾಬೂನು ನೀರು ಸವರಿ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಮೂಲೆಗಳಲ್ಲಿ ತುಂಬ ಹೊತ್ತು ಹಿಡಿಯಿತು.

"ಒಳಗೆ ಕೂತುಕೊಳ್ಳಿ. ನಾನು ನೀರು ಹೊಯ್ತೇನೆ."

ಗಾಜು ಏರಿಸಿ ಕೂತೆ. ಕೊಡದ ನೀರು ಗಾಜಿನ ಮೇಲೆ ಹರಿಯಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಶಬ್ದವೂ ಬರಲಿಲ್ಲ. ಮೇಸ್ತ್ರಿ ಏನೋ ಹೇಳುತ್ತಿದ್ದರು, ಬೆಂಚಿನವರು ನಗುತ್ತಿದ್ದರು. ಬಾಯಿಗಳು ಮಾತ್ರ ಕಾಣುತ್ತಿದ್ದವು. ಸ್ಟಾಫ್ ರೂಮಿನಲ್ಲಿ, ಬೀದಿಯಲ್ಲಿ, ಮದುವೆಮನೆಗಳಲ್ಲಿ ನಾನು ಕೂತಿರುತ್ತಿದ್ದುದು ಹೆಚ್ಚು ಕಡಿಮೆ ಹೀಗೆಯೇ. ಬೇಗ ಗಾಜು ಇಳಿಸಿದೆ.

"ಹೊಸತು, ಬಿಗಿ ಇರ್ತದೆ," ಎಂದರು ಮೇಸ್ತ್ರಿ. "ಆಗಾಗ ಸ್ವಲ್ಪ ಪೌಡರ್ ಹಾಕಿ, ಮುಖಕ್ಕೆ ಹಾಕುವಂಥದ್ದೇ. ಎಣ್ಣೆ ಮಾತ್ರ ಮುಟ್ಟಿಸಬೇಡಿ. ಉಬ್ಬಿ ಹೋಗ್ತದೆ."

ಪೇಟೆಯಲ್ಲಿ ಒಂದು ಪೌಡರ್ ಡಬ್ಬಿ ಕೊಂಡೆ. ನಾನು ಎಂದೂ ಪೌಡರ್ ಹಚ್ಚಿದವಳಲ್ಲ. ಮರುದಿನ ಅಮ್ಮ ನನ್ನ ಚೀಲದಲ್ಲಿ ಅದನ್ನು ಕಂಡಳು.

"ಇದು ಯಾರಿಗೆ?"

"ಕಾರಿಗೆ."

ಅಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, ಇದ್ದಲ್ಲಿಯೇ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆಯಿಂದ ಮುಖವೆತ್ತದೆ, "ಯಾರೇ ಇರಲಿ, ಒಳ್ಳೆಯವರಾದರೆ ಹೇಳು ಮಗಾ. ನಾನು ಬೇಡ ಹೇಳುವುದಿಲ್ಲ," ಎಂದಳು.

ಉತ್ತರ ಕೊಡಲು ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನೇ ಅವಳು ಉತ್ತರವೆಂದು ತೆಗೆದುಕೊಂಡಿರಬೇಕು.

ರಬ್ಬರಿಗೆ ಪೌಡರ್ ಹಾಕಿದೆ. ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಒಂದು ಸಂಜೆ, ಜೋರು ಮಳೆ. ತಿರುವಿನಲ್ಲಿ ಕೈ ತೋರಿಸಲೆಂದು ಬಲಗಡೆಯ ಗಾಜು ಇಳಿಸಿದವಳು ಮತ್ತೆ ಏರಿಸಲು ಹೋದರೆ, ಅದು ಅರ್ಧಕ್ಕೆ ಕಚ್ಚಿ ನಿಂತಿತು. ಹಿಡಿಕೆ ತಿರುಗಿಸಿದೆ, ಗಾಜನ್ನು ಅಂಗೈಯಿಂದ ತಳ್ಳಿದೆ. ಜಗ್ಗಲಿಲ್ಲ. ಗಾಳಿ ಮಳೆಯನ್ನು ನೇರವಾಗಿ ಸ್ವಿಚ್ಚಿನ ಮೇಲೆ ಎರಚಿತು. ಕಾರು ಒಮ್ಮೆ ಕೆಮ್ಮಿ ನಿಂತಿತು.

ಬೆರಳಿನಿಂದ ರಬ್ಬರ್ ಮುಟ್ಟಿ ನೋಡಿದೆ. ಮೆತ್ತಗೆ ಬಾತುಕೊಂಡಿತ್ತು. ಬೆರಳನ್ನು ಮೂಗಿಗೆ ಹಿಡಿದರೆ ಅಮ್ಮ ತಲೆಗೆ ಕಾಯಿಸುವ ತೆಂಗಿನೆಣ್ಣೆಯ ಪರಿಮಳ. ಎರಡು ಮೂರು ದಿನಗಳ ಹಿಂದೆ ಅವಳು ಹಳೆಯ ಬಟ್ಟೆ ಹಿಡಿದು ಕಾರಿನ ಬಳಿ ನಿಂತದ್ದು ಆಗ ನೆನಪಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಪೆಟ್ಟಿಗೆ, ಕೊಡೆಯ ಹಿಡಿ ಎಲ್ಲಕ್ಕೂ ಬಿಳಿ ಬೂಸ್ಟು ಬರುತ್ತದೆ. ಕಂಡ ಕೂಡಲೇ ಒರೆಸಿ ತೆಂಗಿನೆಣ್ಣೆ ಸವರುವುದು ಮನೆಮನೆಯ ಪದ್ಧತಿ. ಕಪ್ಪು ರಬ್ಬರಿನ ಮೇಲಿನ ನನ್ನ ಪೌಡರನ್ನು ಅವಳು ಬೂಸ್ಟೆಂದು ತಿಳಿದು ಒರೆಸಿ ಎಣ್ಣೆ ಸವರಿದ್ದಳು. ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ಸೆರಗಿನಿಂದ ಸ್ವಿಚ್ಚು ಒರೆಸಿದೆ, ಊದಿದೆ, ಕಾದೆ. ಆ ದಾರಿಯಲ್ಲಿ ಯಾರೂ ಬರಲಿಲ್ಲ. ಒಮ್ಮೆ ನಾನೂ ಅಂಗೈ ನೋಡಿಕೊಂಡೆ. ಗೆರೆಗಳು ಇನ್ನೂ ತೆಳ್ಳಗೆ ಕಾಣುತ್ತಿದ್ದವು. ಮತ್ತೆ ನೋಡುವಾಗ ಇರಲಿಲ್ಲ. ಅಮ್ಮ ಈಗ ಜಗಲಿಯಿಂದ ಒಳಗೆ ಹೋಗಿರುತ್ತಾಳೆ, ಅನ್ನ ಮುಚ್ಚಿಟ್ಟಿರುತ್ತಾಳೆ ಎಂದುಕೊಂಡೆ.

ಕೊನೆಗೂ ಕಾರು ಹೊರಟು ಮನೆ ಮುಟ್ಟುವಾಗ ಪೂರ್ತಿ ಕತ್ತಲು. ಜಗಲಿಯಲ್ಲಿ ದೀಪವಿತ್ತು. ಅಡಿಗೆಮನೆಯಲ್ಲಿ ಪಾತ್ರೆಗಳು ತೊಳೆದು ಬೋರಲಾಗಿದ್ದವು.

"ಉಂಡೆಯಾ ಅಮ್ಮ?"

"ಉಂಡೆ ಮಗಾ. ಇವತ್ತು ಒಳ್ಳೆ ಹಸಿವಾಯಿತು. ಎರಡು ಸಲ ಬಡಿಸಿಕೊಂಡೆ." ಅವಳ ಮುಖದಲ್ಲಿ ಸಣ್ಣ ನಗುವಿತ್ತು. "ಮೊದಲೆಲ್ಲ ನೀನು ತಡ ಮಾಡಿದರೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಒಬ್ಬಳೇ ಹುಡುಗಿ, ಆ ದಾರಿ. ಈಗ ಧೈರ್ಯ ಉಂಟು. ಜೊತೆಯಲ್ಲಿ ಅವರು ಇರ್ತಾರಲ್ಲ."

ನನ್ನ ಬಲತೋಳಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹೇಳಲು ಬಾಯಿ ತೆರೆದೆ.

"ಹೆಸರು ಈಗ ಹೇಳುವುದು ಬೇಡ," ಎಂದಳು ಅಮ್ಮ. "ಹೇಳುವ ಹಾಗೆ ಆದಾಗ ಹೇಳು. ಹೋಗು, ಬಟ್ಟೆ ಬದಲಿಸು."

"ಆಯಿತು," ಎಂದೆ. ಆ ರಾತ್ರಿ ಉಪವಾಸವಿದ್ದವಳು ನಾನೊಬ್ಬಳೇ.

ಮುಂದಿನ ಶನಿವಾರ ಮತ್ತೆ ಬಂಟ್ವಾಳ. ಮೇಸ್ತ್ರಿ ಬಾತ ಪಟ್ಟಿಯನ್ನು ಎಳೆದು ಮೂಸಿದರು.

"ಇದಕ್ಕೆ ಒಗ್ಗರಣೆ ಕೊಟ್ಟವರು ಯಾರು ಮಾರಾಯ್ರೆ?"

ನಾನು ಬಾಗಿಲನ್ನು ಇನ್ನಷ್ಟು ತೆರೆದು ಹಿಡಿದೆ. ಅವರು ಉಳಿದಿದ್ದ ತುಂಡಿನಿಂದ ಹೊಸ ಪಟ್ಟಿ ಕೂರಿಸಿದರು, ಮತ್ತೆ ನೀರು ಹೊಯ್ದರು. ಒಳಗೆ ಕೂತು, ಹನಿ ಬರುವುದಿಲ್ಲವೆಂದು ಕೈಸನ್ನೆ ಮಾಡಿದೆ.

ಮನೆಗೆ ಬಂದು ರಬ್ಬರಿಗೆ ಪೌಡರ್ ಹಾಕಿದೆ. ಬಿಳಿ ಒಂದಿಷ್ಟೂ ಉಳಿಯದಂತೆ ಒಣಬಟ್ಟೆಯಿಂದ ಒರೆಸಿದೆ. ಡಬ್ಬಿಯನ್ನು ಮಾತ್ರ ಚೀಲದೊಳಗೆ ಇಡಲಿಲ್ಲ. ಕನ್ನಡಿಯ ಮುಂದೆ, ಅಮ್ಮನಿಗೆ ಕಾಣುವಲ್ಲಿ ಇಟ್ಟೆ.