ಫೆರಿಟಿನ್ ನಾಲ್ಕು ಸಾವಿರದ ಇನ್ನೂರು

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದ ಅವಳನ್ನು ಎಲ್ಲರೂ ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಕೆಲಸ ಕಟ್ಟುನಿಟ್ಟು. ಎಳೆಮಗುವಿನ ನರ ಸಿಗದೆ ಡಾಕ್ಟರೇ ಕೈಚೆಲ್ಲಿದಾಗ ಅವಳಿಗೆ ಕರೆ ಹೋಗುತ್ತಿತ್ತು. ಸೂಜಿಗೂ ಅವಳಿಗೂ ನೆಂಟಸ್ತಿಕೆ ಇದೆ ಎಂದು ನರ್ಸುಗಳು ನಗುತ್ತಿದ್ದರು.

ಅವಳ ತಮ್ಮನಿಗೆ ಥಲಸ್ಸೀಮಿಯಾ ಇತ್ತು. ಮೈ ತನಗೆ ಬೇಕಾದಷ್ಟು ರಕ್ತ ಮಾಡಿಕೊಳ್ಳಲಾರದ, ಹುಟ್ಟಿನಿಂದ ಬಂದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಏರಿಸಿ ಸಾಕಿದರು. ಆ ರಕ್ತದ ಕಬ್ಬಿಣ ಹೊರಹೋಗದೆ ಒಳಗೇ ಸೇರುತ್ತದೆ, ಎಷ್ಟು ಸೇರಿದೆಯೆಂದು ಫೆರಿಟಿನ್ ಪರೀಕ್ಷೆ ಹೇಳುತ್ತದೆ ಎಂದು ತಿಳಿಸುವವರು ಯಾರೂ ಇರಲಿಲ್ಲ. ಹದಿನಾಲ್ಕಕ್ಕೇ ಅವನ ಹೃದಯ ಸೋತಿತು. ಮರುವರ್ಷ ಅಕ್ಕ ಲ್ಯಾಬ್ ಕೋರ್ಸಿಗೆ ಸೇರಿದಳು.

ಅವಳಿಗೆ ಐವತ್ತಾದ ವರ್ಷ, ಅದೇ ಕಾಯಿಲೆಯ ಹದಿನೇಳರ ಹುಡುಗಿಯೊಬ್ಬಳ ಫೆರಿಟಿನ್ ಸಾವಿರದ ಎಂಟುನೂರರಿಂದ ನಾಲ್ಕು ಸಾವಿರದ ಇನ್ನೂರಕ್ಕೆ ಏರಿತು. ಎರಡೂವರೆ ಸಾವಿರ ದಾಟಿದರೇ ಹೃದಯಕ್ಕೆ ಅಪಾಯ. ಸೋಂಕಿದ್ದರೂ ಏರೀತೆಂದು ಅದನ್ನೂ ಪರೀಕ್ಷಿಸಿದಳು, ಇರಲಿಲ್ಲ. ಮತ್ತೊಮ್ಮೆ ಯಂತ್ರಕ್ಕೆ ಹಾಕಿದಳು. ಅದೇ ಅಂಕಿ. ಡಾಕ್ಟರಿಗೆ ಫೋನ್ ಮಾಡಿದಳು.

"ಕಬ್ಬಿಣ ತೆಗೆಯೋ ಮಾತ್ರೆ ತಪ್ಪಿಸಿಲ್ಲ ಅಂತಾಳೆ" ಎಂದರು ಅವರು. "ನೀವೊಂದ್ಸಲ ಮಾತಾಡ್ತೀರಾ?"

ಹುಡುಗಿ ಕಿಟಕಿ ಪಕ್ಕದ ಮಂಚದಲ್ಲಿ ರಕ್ತ ಏರಿಸಿಕೊಳ್ಳುತ್ತಿದ್ದಳು. ತಾಯಿ ಔಷಧಿ ತರಲು ಹೋಗಿದ್ದಳು.

"ಮಾತ್ರೆ ಎಲ್ಲಿಗೆ ಹೋಗ್ತಿದೆ, ಪುಟ್ಟಿ?"

ಹುಡುಗಿ ಬಾಗಿಲತ್ತ ನೋಡಿ, ಮೆಲ್ಲಗೆ ಹೇಳಿದಳು. "ನೀರಲ್ಲಿ ಕರಗಿಸಿ ಬೇಸಿನ್‌ಗೆ ಚೆಲ್ತೀನಿ. ಎಂಟು ತಿಂಗಳಾಯ್ತು. ಕುಡಿದ್ರೆ ಹೊಟ್ಟೆ ತೊಳಸುತ್ತೆ, ಕ್ಲಾಸ್ ಮಧ್ಯೆ ಎದ್ದು ಓಡ್ಬೇಕು. ಅಮ್ಮಂಗೆ ಹೇಳ್ಬೇಡಿ."

ಲ್ಯಾಬಕ್ಕ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಯಾರೊಂದಿಗೂ ಆಡದ ಮಾತು ಅವಳ ಬಾಯಿಂದ ಬಂತು. "ನಂಗೊಬ್ಬ ತಮ್ಮ ಇದ್ದ. ನಿನ್ನ ಹಾಗೇ. ಮೆಟ್ಟಿಲು ಹತ್ತೋಕಾಗಲ್ಲ ಅಂದ. ಸೋಮಾರಿ ಅಂತ ರೇಗಿಸ್ದೆ. ಆಮೇಲೆ ಎರಡೇ ತಿಂಗಳು ಇದ್ದಿದ್ದು."

"ನಂಗೂ ಈಗ ಮೆಟ್ಟಿಲು ಕಷ್ಟ ಅಕ್ಕ" ಎಂದಳು ಹುಡುಗಿ.

ಲ್ಯಾಬಕ್ಕ ಡಾಕ್ಟರ ಬಳಿಗೆ ಓಡಿದಳು. ಅಂದೇ ಸ್ಕ್ಯಾನ್ ಆಯಿತು. ಹೃದಯದಲ್ಲಿ ಕಬ್ಬಿಣ ಕೂತಿತ್ತು. ತಾಯಿಗೆ ಹುಡುಗಿಯೇ ಹೇಳಿದಳು, ಲ್ಯಾಬಕ್ಕ ಪಕ್ಕದಲ್ಲಿ ನಿಂತಿದ್ದಳು.

"ದಿನಾ ಆ ಬೇಸಿನ್ ತಿಕ್ಕೋಳು ನಾನೇ" ಎಂದು ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಾರಗಟ್ಟಲೆ ಕಬ್ಬಿಣ ತೆಗೆಯುವ ಔಷಧಿಯ ಡ್ರಿಪ್ ಹಾಕಿ, ಕೊನೆಗೆ ಹೊಟ್ಟೆಗೆ ಒಗ್ಗುವ ಬೇರೆ ಮಾತ್ರೆ ಕೊಟ್ಟರು. ಅಂಕಿ ಎರಡು ಸಾವಿರಕ್ಕಿಳಿಯಲು ಎರಡೂವರೆ ವರ್ಷ ಹಿಡಿಯಿತು. ಹೃದಯ ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಆದರೆ ನಿಲ್ಲಲೂ ಇಲ್ಲ. ಲ್ಯಾಬಕ್ಕ ನಿವೃತ್ತಳಾದಾಗ ಹುಡುಗಿಗೆ ಇಪ್ಪತ್ತೈದು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವರದಿ ಬಂದ ದಿನ ಇಂದಿಗೂ ಮೊದಲು ಅಕ್ಕನಿಗೇ ಫೋನ್ ಮಾಡುತ್ತಾಳೆ.